ರಂಗಪ್ಪನವರು ಬಳಿದ ಸುಣ್ಣ

ಕಡೂರಿನಿಂದ ಬೀರೂರಿಗೆ ಬಸ್ಸು, ಅಲ್ಲಿಂದ ಅಜ್ಜಂಪುರಕ್ಕೆ ಹತ್ತು ರೂಪಾಯಿಯ ರೈಲು. ಶಾಲೆಗೆ ರಜೆಯಿದ್ದ ದಿನ ಬೆಳಿಗ್ಗೆ ಏಳೂವರೆಗೆ ಹೊರಟೆ; ಮೋಡವಿತ್ತು, ಮಳೆಯಿರಲಿಲ್ಲ. ಕೈಚೀಲದಲ್ಲಿ ಇಡ್ಲಿ ಪೊಟ್ಟಣ, ಒಂದು ಫಾರಂ. ಕಷ್ಟದಲ್ಲಿರುವ ಮಾಜಿ ಸೈನಿಕರಿಗೆ ನಮ್ಮ ಟ್ರಸ್ಟ್ ವರ್ಷಕ್ಕೊಂದು ಮನೆ ಕಟ್ಟಿಸಿಕೊಡುತ್ತದೆ. ಈ ಸಲ ಅರ್ಜಿ ಹಾಕಿದವರು ಮೂವರು. ಇಬ್ಬರ ಮನೆಯನ್ನು ಬೇರೆಯವರು ನೋಡಿ ಬಂದಿದ್ದರು. ಮೂರನೆಯದನ್ನು ನೋಡಿ, ಫೋಟೊ ತೆಗೆದು, ಸಂಜೆ ತರೀಕೆರೆಯ ಸಭೆಗೆ ಒಪ್ಪಿಸುವುದು ನನ್ನ ಪಾಲಿಗೆ ಬಂದಿತ್ತು.

ಅಜ್ಜಂಪುರದಿಂದ ಹಳ್ಳಿಗೆ ಆಟೋದಲ್ಲಿ ಇಪ್ಪತ್ತು ರೂಪಾಯಿ. ಎರಡೂ ಕಡೆ ಈರುಳ್ಳಿ ಹೊಲ. ರಂಗಪ್ಪನವರ ಮನೆ ಯಾವುದೆಂದು ಕೇಳಿದ್ದಕ್ಕೆ ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಿದ್ದ ಹೆಂಗಸೊಬ್ಬರು ನಕ್ಕರು.

“ಆ ಬಿಳೀ ಮನೆ ಕಣ್ರೀ. ಮೂರ್ ದಿನದಿಂದ ಸುಣ್ಣ ಬಳಿದಿದ್ದೇ ಬಳಿದಿದ್ದು. ಈ ವಯಸ್ಸಲ್ಲಿ ಎಲ್ಲಿ ಮದ್ವೆ ಆಯ್ತಾನೋ ಅಂದ್ಕೊಂಡಿದ್ದೆ.”

ಬಿರಬಿರನೆ ಆ ಕಡೆ ಹೆಜ್ಜೆ ಹಾಕಿದೆ.

ರಂಗಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನೆಟ್ಟಗೆ ನಿಂತಿದ್ದರು. ಎಪ್ಪತ್ತರ ಹತ್ತಿರ, ಒಬ್ಬರೇ. ತಾಯಿಗೆ ಕಾಯಿಲೆಯೆಂದು, ಸೇರಿದ ಒಂಬತ್ತು ವರ್ಷಕ್ಕೇ ಸೈನ್ಯ ಬಿಟ್ಟು ಬಂದದ್ದರಿಂದ ಪಿಂಚಣಿ ಇಲ್ಲ. ಹಳೇ ಹೆಂಚಿನ ಮಣ್ಣಿನ ಮನೆ. ಆದರೆ ಗೋಡೆ ಬೆಳ್ಳಗೆ, ಬಿರುಕೆಲ್ಲ ಮೆತ್ತಿ ಮುಚ್ಚಿದ್ದು, ಕಂಬಳಿ ಮೂಲೆಗೆ ಮೂಲೆ ಸೇರಿಸಿ ಮಡಿಸಿದ್ದು. ಮೊಬೈಲಿನಲ್ಲಿ ಹಿಡಿದು ನೋಡಿದೆ. ಇವರಿಗೆ ಇನ್ನೊಂದು ಮನೆ ಯಾಕೆ ಎಂದು ಸಭೆಯಲ್ಲಿ ಯಾರಾದರೂ ಕೇಳುವಂತಿತ್ತು.

“ಏನ್ ಮಾಡ್ಬಿಟ್ರಿ ರಂಗಪ್ಪನೋರೇ! ಬಿರುಕು ಕಾಣ್ಬೇಕಿತ್ತು.”

“ಇನ್ಸ್‌ಪೆಕ್ಷನ್ ಅಂತ ಕಾಗ್ದ ಬಂದ್ಮೇಲೆ ಹಂಗೇ ಬಿಡಕ್ಕಾಯ್ತದಾ ಮೇಷ್ಟ್ರೇ?”

“ಒಂಚೂರು ಕೆರೆದು ಫೋಟೊ ತೆಗೀಲಾ? ಮನೆ ಬೇಡ್ವಾ ನಿಮ್ಗೆ?”

“ಬೇಕು. ಆದ್ರೆ ಗಲೀಜು ತೋರ್ಸಿ ಇಸ್ಕೊಳಕ್ಕೆ ನನ್ ಕೈಲಾಗಲ್ಲ.”

ಮೊಬೈಲನ್ನು ಜೇಬಿಗಿಳಿಸಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲಿಗ. ಹಾಸ್ಟೆಲ್ ಸೀಟಿನ ಸಂದರ್ಶನಕ್ಕೆ ಅವ್ವ ಚೊಂಬಿಗೆ ಕೆಂಡ ಹಾಕಿ, ಇದ್ದೊಂದು ಅಂಗಿಯನ್ನು ಇಸ್ತ್ರಿ ಮಾಡಿ ಕಳಿಸಿದ್ದಳು. ಅಲ್ಲಿದ್ದವರು ಮೇಲಿಂದ ಕೆಳಗೆ ನೋಡಿ, “ಅನುಕೂಲಸ್ಥರ ಹುಡುಗನ ಥರ ಇದೀಯಲ್ಲೋ” ಎಂದಿದ್ದರು. ಸೀಟು ಸಿಕ್ಕಿದ್ದು ಮರುವರ್ಷ. ಅಲ್ಲಿವರೆಗೆ ದಿನಾ ಹನ್ನೆರಡು ಕಿಲೋಮೀಟರ್ ನಡೆದೆ.

ಅವರು ಕೊಟ್ಟ ಟೀ ಕುಡಿಯುತ್ತ ತಲೆ ತಗ್ಗಿಸಿ ಕೂತಾಗ ನೆಲ ಕಣ್ಣಿಗೆ ಬಿತ್ತು. ಸಗಣಿ ಸಾರಿಸಿದ ನೆಲದ ಮೇಲೆ ಅಲ್ಲಲ್ಲಿ ಸುಣ್ಣದ ದುಂಡು ಗೆರೆ, ಒಳಗೆ ಒಂದು, ಎರಡು ಎಂದು ಅಂಕಿ. ಎಣಿಸಿದೆ, ಏಳು.

“ಇವೇನು?”

“ಪಾತ್ರೆ ಇಡೋ ಜಾಗ. ಮಳೆ ಬಂದಾಗ ಕತ್ಲಲ್ಲಿ ತಡಕಾಡ್ಬಾರ್ದಲ್ಲ. ಸೋರಿದ್ದು ಒಂದ್ ಹನಿ ಆಚೆ ಬೀಳಲ್ಲ ನೋಡಿ.”

ಹೇಳುವಾಗ ದನಿಯಲ್ಲಿ ಹೆಮ್ಮೆಯಿತ್ತು. ಐದನೆಯ ಗೆರೆ ಮಂಚದ ತಲೆದೆಸೆಗೇ ಇತ್ತು.

ಗೋಡೆಯನ್ನು ಬಿಟ್ಟು ನೆಲದ ಫೋಟೊ ತೆಗೆದೆ.

ತರೀಕೆರೆ ಬಸ್ಸು ಹತ್ತಿಸಲು ರಂಗಪ್ಪನವರೂ ಬಸ್ಸು ನಿಲ್ಲುವ ಹಳ್ಳಿ ಗೇಟಿನವರೆಗೆ ಬಂದರು. ಸೀಟು ಹಿಡಿದು, ಫಾರಂ ತುಂಬಿ, ಕಿಟಕಿಯಿಂದಲೇ ಓದಿ ಹೇಳಿದೆ: “ಏಳು ಕಡೆ ಸೋರುತ್ತದೆ.” ಅಷ್ಟರಲ್ಲಿ ಬಸ್ಸು ಹೊರಟಿತು. ಅವರು ಪಕ್ಕದಲ್ಲೇ ದಾಪುಗಾಲು ಹಾಕುತ್ತ ಕೂಗಿದರು.

“ಮೇಷ್ಟ್ರೇ, ಏಳಲ್ಲ, ಆರು! ಏಳ್ನೇದು ಕುಡಿಯೋ ನೀರಿನ ಬಿಂದ್ಗೇದು!”

ಏಳನ್ನು ಹೊಡೆದು ಆರು ಎಂದು ಬರೆದೆ. ಹಿಂದಿರುಗಿ ನೋಡಿದರೆ, ತಿದ್ದಿದೆನೋ ಇಲ್ಲವೋ ಎಂದು ಅವರು ಇನ್ನೂ ಕತ್ತು ಚಾಚಿಕೊಂಡು ರಸ್ತೆಯಲ್ಲೇ ನಿಂತಿದ್ದರು.