ಶೈಲಾವೈನಿಗೆ ಹಾಲಿಲ್ಲದ ಬಿಸ್ಕಿಟ್

2004ರಲ್ಲಿ ನಾನು ಕಾರವಾರದ ಒಂದು ಹಳೆಯ ಬೇಕರಿಯಲ್ಲಿ ಬಿಸ್ಕಿಟ್ ವಿಭಾಗದ ಮುಖ್ಯಸ್ಥನಾಗಿದ್ದೆ. ಆ ವಿಭಾಗದಲ್ಲಿದ್ದವನು ನಾನೊಬ್ಬನೇ. ವಯಸ್ಸು ಇಪ್ಪತ್ಮೂರು. ಬೇಯಿಸುವ ಭಟ್ಟಿಯೂ ಪಾವು ಬ್ರೆಡ್ಡೂ ಮಾಲೀಕ ಪಾಸ್ಕುಮಾಮನ ಕೈಯಲ್ಲಿದ್ದವು. ಬಿಸ್ಕಿಟಿನ ಹಿಟ್ಟು, ಬೇಯಿಸುವ ತಗಡು, ಕೌಂಟರಿನ ಹಿಂದೆ ನಿಂತು ಗಿರಾಕಿಗಳನ್ನು ನಗಿಸುವುದು, ಇಷ್ಟು ನನ್ನ ಪಾಲಿಗೆ. ಕೊನೆಯ ಕೆಲಸಕ್ಕೆ ಸಂಬಳವಿರಲಿಲ್ಲ. ಪಾಸ್ಕುಮಾಮನ ಕೆಮ್ಮು, ಅಂಕೋಲೆ ಬಸ್ಸಿನ ಕಂಡಕ್ಟರನ ಮೂಗುಧ್ವನಿ, ಮೀನುಪೇಟೆಯ ಚೌಕಾಸಿ, ಯಾವುದನ್ನು ಕೇಳಿದರೂ ಮಾಡಿ ತೋರಿಸುತ್ತಿದ್ದೆ. ನನ್ನ ಸ್ವಂತ ಧ್ವನಿ ಯಾವುದೆಂದು ಹೆತ್ತ ಆಯಿಗೂ ಖಾತ್ರಿಯಿರಲಿಲ್ಲ.

ಅಕ್ಟೋಬರ್ ಮೊದಲ ವಾರ ಬಿಣಗಾದ ದೇವಕ್ಕ ಅಂಗಡಿಗೆ ಬಂದಳು. ಪೇಟೆಯಲ್ಲಿ ಮೀನು ಮಾರಿ, ಖಾಲಿ ಬುಟ್ಟಿಯನ್ನು ನಮ್ಮ ಮೆಟ್ಟಿಲ ಮೇಲಿಟ್ಟು, ನನ್ನನ್ನು ನಾಲ್ಕು ಬೈದು ಪಾವು ಒಯ್ಯುವುದು ಅವಳ ದಿನಚರಿ. ಅಂದು ಬುಟ್ಟಿಯನ್ನೂ ಇಳಿಸಲಿಲ್ಲ, ಬೈಯಲೂ ಇಲ್ಲ.

"ತಮಾ, ಹಾಲು ಹಾಕದೇ ಬಿಸ್ಕೀಟು ಮಾಡೂಕೆ ಬತ್ತದೆಯಾ ನಿಂಗೆ?"

ಅವಳ ಸೊಸೆ ಶೈಲಾಳನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಅವಳ ಮಗಳಿಗೆ ಆಗ ಮೂರು ತಿಂಗಳು. ಹದಿನೈದು ದಿನಗಳಿಂದ ಶಿಶುವಿನ ಮಲದಲ್ಲಿ ರಕ್ತ ಬೀಳುತ್ತಿತ್ತು. ಶೈಲಾಳ ತವರು ಅಂಕೋಲೆ. ಹುಟ್ಟಿದಾಗಿನಿಂದ ಮಗುವನ್ನು ನೋಡುತ್ತಿದ್ದ ಅಲ್ಲಿಯ ಮಕ್ಕಳ ಡಾಕ್ಟರರು ಇದು ಮಿಲ್ಕ್ ಪ್ರೋಟೀನ್ ಅಲರ್ಜಿ ಎಂದಿದ್ದರು. ತಾಯಿ ಸೇವಿಸಿದ ಆಕಳ ಹಾಲಿನ ಪ್ರೋಟೀನ್ ತುಸು ಪ್ರಮಾಣದಲ್ಲಿ ಎದೆಹಾಲಿಗೂ ಇಳಿಯುತ್ತದೆ. ಕೆಲವು ಶಿಶುಗಳ ಕರುಳು ಅದನ್ನು ಸಹಿಸುವುದಿಲ್ಲ. ತಾಯಿ ಹಾಲು, ಮೊಸರು, ಬೆಣ್ಣೆ, ತುಪ್ಪ ಪೂರ್ತಿ ಬಿಟ್ಟರೆ ಮಗು ಸುಧಾರಿಸಬೇಕು, ಎದೆಹಾಲು ನಿಲ್ಲಿಸುವ ಅಗತ್ಯವಿಲ್ಲ. ಡಾಕ್ಟರರು ಹೇಳಿದ್ದು ಇಷ್ಟೇ. ಆದರೆ ಮಗುವನ್ನು ನೋಡಲು ಬಂದವರೆಲ್ಲ ತಮ್ಮ ತಮ್ಮ ಡಾಕ್ಟರಿಕೆಯನ್ನೂ ಮಾಡಿ ಹೋಗಿದ್ದರು. ಒಬ್ಬರು ಮೀನು ಬಿಡಿಸಿದರು, ಇನ್ನೊಬ್ಬರು ಬೇಳೆ, ಮತ್ತೊಬ್ಬರು ಬದನೆ ಬಸಳೆ. ಬಾಣಂತಿಯ ಪಾಲಿಗೆ ಉಳಿದದ್ದು ಗಂಜಿ ಮತ್ತು ಉಪ್ಪು.

"ಹಸಿವಿಗೆ ಕಣ್ಣು ಕತ್ತಲೆ ಬತ್ತದೆ ಅದಕೆ," ಎಂದಳು ದೇವಕ್ಕ. "ಒಂದ ಕೈಲಿ ಮಗು ಇರ್ತದೆ. ಇನ್ನೊಂದ ಕೈಲಿ ಹಿಡ್ಕಂಡು ತಿನ್ನುವಂಥದ್ದು ಬೇಕು."

ಮರುದಿನವೇ ಮಾಡಿದೆ. ಮೈದಾ, ಸಕ್ಕರೆ, ಮಾರ್ಗರಿನ್. ಮಾರ್ಗರಿನ್ ಎಂದರೆ ಬೇಕರಿಗಳಲ್ಲಿ ಬೆಣ್ಣೆಯ ಬದಲು ಬಳಸುವ, ಗಟ್ಟಿಯಾಗಿಸಿದ ಎಣ್ಣೆ. ಯಾವಾಗಲೂ ಹಾಕುತ್ತಿದ್ದ ಹಾಲಿನ ಪುಡಿಯನ್ನು ಮಾತ್ರ ಬಿಟ್ಟೆ.

"ಹಾಲು ಇಲ್ಲ ಅಲ್ಲನಾ? ಖರೆ ಹೇಳು," ದೇವಕ್ಕ ಪೊಟ್ಟಣ ಹಿಡಿದು ಕೇಳಿದಳು.

"ಇಲ್ಲ ದೇವಕ್ಕ! ಈ ಬಿಸ್ಕೀಟು ಎಮ್ಮೆಯ ಮುಖ ಸಹ ಕಾಣ್ಲಿಲ್ಲ," ಎಂದು, ಎಮ್ಮೆಯ ಹಾಗೆ ಒಮ್ಮೆ ಕೂಗಿಯೂ ತೋರಿಸಿದೆ. ಅವಳು ನಕ್ಕಳು. ನಾನು ಅದನ್ನು ನನ್ನ ಒಳ್ಳೆಯ ಪ್ರದರ್ಶನಗಳಲ್ಲಿ ಒಂದೆಂದು ಲೆಕ್ಕ ಹಾಕಿದೆ.

ಹನ್ನೆರಡು ದಿನ ಬಿಸ್ಕಿಟ್ ಹೋಯಿತು. ರಕ್ತ ನಿಲ್ಲಲಿಲ್ಲ. ನಾಲ್ಕು ಕಿಲೋ ಆರುನೂರು ಇದ್ದ ಮಗು ನಾಲ್ಕು ಕಿಲೋ ಮುನ್ನೂರಕ್ಕೆ ಇಳಿಯಿತು. ಬರುವ ಸೋಮವಾರದವರೆಗೆ ನೋಡೋಣ, ಆಗದಿದ್ದರೆ ಎದೆಹಾಲು ನಿಲ್ಲಿಸಿ ಇಂಥ ಶಿಶುಗಳಿಗೆಂದೇ ಇರುವ ಬೇರೆ ಪುಡಿ ಕೊಡಬೇಕು ಎಂದರು ಡಾಕ್ಟರರು. ಆ ಪುಡಿ ಗೋವಾದಿಂದ ತರಿಸಬೇಕಿತ್ತು. ಅದಕ್ಕಿಂತ ದೊಡ್ಡ ಕಷ್ಟವೆಂದರೆ, ಮಗು ಬಾಟಲಿ ಬಾಯಿಗಿಟ್ಟರೆ ಉಗಿಯುತ್ತಿತ್ತು.

ದೇವಕ್ಕ ಈಗ ಸೊಸೆಯ ಬಗ್ಗೆ ಬೇರೆ ಸುದ್ದಿ ತಂದಳು. "ಅದು ಕದ್ದು ಚಾ ಕುಡೀತದೆ, ತಮಾ. ಇಲ್ಲದಿದ್ರೆ ರಕ್ತ ಯಾಕೆ ನಿಲ್ಲೂದಿಲ್ಲ? ಮಗಳ ತಲೆ ಮೇಲೆ ಕೈ ಇಟ್ಟು ಆಣೆ ಬೇರೆ ಹಾಕ್ತದೆ."

ಶನಿವಾರ ಪೊಟ್ಟಣ ಕೊಡಲು ನಾನೇ ಬಿಣಗಾಕ್ಕೆ ಹೋದೆ. ಶೈಲಾಳ ಗಂಡ ಬೋಟಿನ ಮೇಲೆ ಹೋದವನು ಇನ್ನೂ ಮರಳಿರಲಿಲ್ಲ. ಜಗಲಿಯಲ್ಲಿ ಅವಳೊಬ್ಬಳೇ ಗೋಡೆಗೆ ಒರಗಿ ಕೂತಿದ್ದಳು. ನನ್ನ ವಯಸ್ಸಿನವಳೇ, ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಮಡಿಲಲ್ಲಿ ಮಗು, ಕೈಯಲ್ಲಿ ನನ್ನ ಬಿಸ್ಕಿಟ್. ನಗಿಸೋಣವೆಂದು ದೇವಕ್ಕನ ಬೈಗುಳವನ್ನು ದೇವಕ್ಕನದೇ ಧ್ವನಿಯಲ್ಲಿ ಶುರುಮಾಡಿದೆ. ಅವಳು ಬೆಚ್ಚಿಬಿದ್ದಳು.

"ಆ ಧ್ವನಿ ಬೇಡ," ಎಂದಳು. "ದಿನಾ ಮೂರು ಹೊತ್ತು ನನ್ನ ಬಾಯಿ ಮೂಸಿ ನೋಡ್ತಾರೆ, ಚಾ ವಾಸನೆ ಬತ್ತದೆಯಾ ಅಂತ. ಗಂಜಿ, ಉಪ್ಪು, ಈ ನಿನ್ನ ಬಿಸ್ಕೀಟು, ಇದು ಬಿಟ್ಟು ಏನೂ ಮುಟ್ಟಲಿಲ್ಲ ನಾನು. ಯಾರ ಹತ್ರ ಹೇಳೂದು?"

ಬಸ್ಸು ಹತ್ತಿ ಹಿಂದಿರುಗುವಾಗ ಆ ಮೂರನ್ನು ಬೆರಳ ಮೇಲೆ ಎಣಿಸಿದೆ. ಅಕ್ಕಿಯಲ್ಲಿ ಹಾಲಿರುವುದಿಲ್ಲ. ಉಪ್ಪಿನಲ್ಲಿ ಹಾಲಿರುವುದಿಲ್ಲ. ಮೂರನೆಯ ಬೆರಳು ನನ್ನ ಬಿಸ್ಕಿಟಿನದು.

"ಮಾರ್ಗರಿನ್‌ನಲ್ಲಿ ಏನಿರ್ತದೆ ಮಾಮಾ?" ಎಂದು ಬಂದವನೇ ಕೇಳಿದೆ.

"ಎಣ್ಣೆ. ಮತ್ತೆಂತ?"

"ಬರೀ ಎಣ್ಣೆಯಾ?"

"ಮೂವತ್ತು ವರ್ಷದಿಂದ ಎಣ್ಣೆಯೇ ಇತ್ತು. ಇವತ್ತು ನೀನು ಕೇಳಿದೆ ಅಂತ ಬೇರೆ ಆಗ್ತದಾ?"

ನಮಗೆ ಮಾರ್ಗರಿನ್ ಬರುತ್ತಿದ್ದುದು ಹುಬ್ಬಳ್ಳಿಯ ಸಗಟು ವ್ಯಾಪಾರಿಯೊಬ್ಬರಿಂದ, ದೊಡ್ಡ ಪೆಟ್ಟಿಗೆಯಿಂದ ಬಿಡಿಸಿ ಚೀಟಿಯಿಲ್ಲದ ಡಬ್ಬಿಗಳಲ್ಲಿ ತುಂಬಿ. ಎಸ್‌ಟಿಡಿ ಬೂತಿಗೆ ಹೋಗಿ ಫೋನ್ ಮಾಡಿದೆ. ಕಾರವಾರದ ಬೇಕರಿಯ ಹುಡುಗ ಎಂದು ಹೇಳಿಕೊಂಡು, ಮಾರ್ಗರಿನ್‌ನಲ್ಲಿ ಹಾಲೇನಾದರೂ ಇದೆಯೇ ಎಂದೆ.

"ಹಾಲಾ? ಏನಿಲ್ಲ ಬಿಡೋ ತಮ್ಮಾ. ಪ್ಯೂರ್ ಐತಿ," ಎಂದು ಇಟ್ಟುಬಿಟ್ಟರು.

ಆ 'ಏನಿಲ್ಲ' ಯೋಚನೆಯಿಲ್ಲದೆ ಬಂದದ್ದು, ನನಗೆ ಚೆನ್ನಾಗಿ ಪರಿಚಯವಿದ್ದ ಧ್ವನಿ ಅದು. ಹನ್ನೆರಡು ದಿನಗಳ ಹಿಂದೆ ನಮ್ಮ ಕೌಂಟರಿನಲ್ಲಿ, ನನ್ನದೇ ಬಾಯಲ್ಲಿ ಕೇಳಿದ್ದೆ.

ಮತ್ತೆ ಅದೇ ನಂಬರು ತಿರುಗಿಸಿದೆ. ಈ ಸಲ ಗಂಟಲು ದಪ್ಪ ಮಾಡಿ, ಪ್ರತಿ ಮಾತಿನ ನಂತರ ಸ್ವಲ್ಪ ತಡೆದು, ಚೀಟಿ ಬರೆಯುತ್ತಾ ಮಾತಾಡುವವರ ಧಾಟಿಯಲ್ಲಿ ಹೇಳಿದೆ: "ನಾನು ಡಾಕ್ಟರ್ ಮಾತಾಡೋದು. ಒಂದು ಶಿಶುವಿಗೆ ರಕ್ತ ಹೋಗ್ತಾ ಇದೆ. ನಿಮ್ಮ ಮಾರ್ಗರಿನ್‌ನಲ್ಲಿ ಏನೇನಿದೆ, ಓದಿ ಹೇಳಿ." ನಾನು ಮಾಡಿದ್ದು ತಪ್ಪು; ಯಾರೂ ಅನುಸರಿಸಬಾರದು.

"ತಡೀರಿ ಸರ, ಪೆಟಗಿ ನೋಡ್ತೀನಿ." ಪೆಟ್ಟಿಗೆ ಎಳೆದ ಸದ್ದು. "ಹಾಲಿನ ಪುಡಿ ಅಂತ ಬರ್ದಾರ್ರೀ ಸರ. ಸ್ವಲ್ಪ. ವಾಸನಿಗೆ ಹಾಕಿರ್ತಾರ್ರೀ."

ಡಾಕ್ಟರರ ಧ್ವನಿಯಲ್ಲಿ ಥ್ಯಾಂಕ್ಸ್ ಹೇಳಬೇಕಿತ್ತು. ಬರಲಿಲ್ಲ.

ಪಾಸ್ಕುಮಾಮ ಕೇಳಿ ಮೈದಾ ಚೀಲದ ಮೇಲೆ ಕೂತ. ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಹೇಳಿದ: "ಯಾರ ಹತ್ರಾನೂ ಹೇಳ್ಬೇಡ. ಬೇರೆ ಮಾಡಿ ಸುಮ್ನೆ ಕೊಡು. ಮಗು ಗುಣ ಆದ್ರೆ ಸಾಕಲ್ಲ?"

ಮಾತು ನ್ಯಾಯವಾಗಿಯೇ ಕಂಡಿತು. ಹೇಡಿಗೆ ಎಲ್ಲ ನ್ಯಾಯವೂ ಬೇಗ ಅರ್ಥವಾಗುತ್ತದೆ.

ಭಾನುವಾರ ಬೆಳಗಿನ ಪಾವು ಮುಗಿದ ಮೇಲೆ ಭಟ್ಟಿ ಖಾಲಿಯಿರುತ್ತಿತ್ತು. ಕಣ್ಣಾರೆ ಕಾಣದ ಯಾವ ಡಬ್ಬಿಯನ್ನೂ ನಂಬುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮನೆಯ ಕೊಬ್ಬರಿಯನ್ನು ಗಾಣಕ್ಕೆ ಒಯ್ದು, ಎಣ್ಣೆ ಇಳಿಯುವವರೆಗೂ ನಿಂತು ತಂದೆ. ಆದರೆ ಬಿಸ್ಕಿಟಿಗೆ ಕೊಬ್ಬು ಗಟ್ಟಿಯಿರಬೇಕು. ಅದನ್ನು ಸಕ್ಕರೆಯ ಜೊತೆ ಅಂಗೈಯಲ್ಲಿ ಉಜ್ಜಿ ನೊರೆ ಬರಿಸಿದರೆ ಮಾತ್ರ ಬಿಸ್ಕಿಟ್ ಆಕಾರ ಹಿಡಿದು ನಿಲ್ಲುತ್ತದೆ. ಅಕ್ಟೋಬರಿನ ಸೆಕೆಯಲ್ಲಿ ತೆಂಗಿನೆಣ್ಣೆ ನೀರಿನ ಹಾಗಿತ್ತು. ಮೊದಲ ತಗಡು ಹಪ್ಪಳವಾಯಿತು. ಎರಡನೆಯದು ಎತ್ತಿದರೆ ಪುಡಿ. ಮೂರನೆಯದೂ ಹಾಗೆಯೇ. ಮಗು ಹಿಡಿದವಳು ಪುಡಿಯನ್ನು ಒಂದು ಕೈಯಲ್ಲಿ ಹೇಗೆ ತಿನ್ನಬೇಕು?

ಸೈಕಲ್ ಹತ್ತಿ ಬೈತಖೋಲ ಬಂದರಿಗೆ ಹೋದೆ. ಬೋಟಿನವರಿಂದ ಒಂದು ಕ್ರೇಟು ಐಸು ಬೇಡಿ ತಂದು, ಬಂಗಡೆ ಹೂಳುವ ಹಾಗೆ ಎಣ್ಣೆಯ ಡಬ್ಬಿಯನ್ನು ಬಾಯಿ ಬಿಗಿದು ಅದರಲ್ಲಿ ಹೂತೆ. ಒಂದು ಗಂಟೆಗೆ ಎಣ್ಣೆ ಬೆಳ್ಳಗೆ ಗಟ್ಟಿಯಾಯಿತು.

"ಬೇಕರಿಯಲ್ಲಿ ಮೀನಿನ ಐಸು!" ಪಾಸ್ಕುಮಾಮ ಮೂಗು ಹಿಡಿದ. "ನನ್ನ ಪಪ್ಪಾ ಇದ್ದಿದ್ರೆ ನಿನ್ನನ್ನೇ ಭಟ್ಟಿಗೆ ಹಾಕ್ತಿದ್ದ." ಬೈಯುತ್ತಲೇ ಅಂಗಡಿಗೆ ತಂದಿಟ್ಟಿದ್ದ ಹೊಸ ತಗಡು ಬಿಚ್ಚಿ ಕೊಟ್ಟ. ಈ ಸಲ ಬಿಸ್ಕಿಟ್ ಪುಡಿಯಾಗದೆ ನಿಂತಿತು.

ಡಬ್ಬಿ ತುಂಬುವಾಗ ಇನ್ನೊಂದು ವಿಷಯ ಹೊಳೆಯಿತು. ನಾನು ಬಾಯಿ ಮುಚ್ಚಿಕೊಂಡು ಇದನ್ನು ಕೊಟ್ಟರೆ ಮಗು ಗುಣವಾಗಬಹುದು. ಆಗ ಮನೆಯವರೆಲ್ಲ ಏನೆನ್ನುತ್ತಾರೆ? ನೋಡಿ, ಕದಿಯುವುದನ್ನು ಬಿಟ್ಟಳು, ಮಗು ಸರಿಯಾಯಿತು ಎನ್ನುತ್ತಾರೆ. ಮಗು ಗುಣವಾದಷ್ಟೂ ಶೈಲಾವೈನಿ ಕಳ್ಳಿಯಾಗುತ್ತಾಳೆ.

ಸೋಮವಾರ ಆ ಡಬ್ಬಿ ಹಿಡಿದು ಅಂಕೋಲೆಯ ಡಾಕ್ಟರರಲ್ಲಿಗೆ ಹೋದೆ. ದೇವಕ್ಕ, ಶೈಲಾವೈನಿ ಮಗುವಿನೊಂದಿಗೆ ಆಗಲೇ ಒಳಗಿದ್ದರು. ಡಾಕ್ಟರರು ಪುಡಿಯ ಹೆಸರು ಬರೆಯಲು ಪೆನ್ನು ತೆಗೆದಿದ್ದರು. ಬಾಗಿಲು ತಳ್ಳಿ ಒಳಗೆ ಹೋಗಿ, "ವೈನಿ ಏನೂ ಕದೀಲಿಲ್ಲ. ನನ್ನ ಬಿಸ್ಕಿಟಿನಲ್ಲೇ ಹಾಲಿತ್ತು," ಎಂದೆ. ಹುಬ್ಬಳ್ಳಿಯ ಫೋನಿನ ಕಥೆಯನ್ನೂ ಹೇಳಿದೆ.

ಡಾಕ್ಟರರು ಪೆನ್ನು ಕೆಳಗಿಟ್ಟರು. "ಹಾಗಾದರೆ ಈಕೆ ಒಂದು ದಿನವೂ ಹಾಲು ಬಿಟ್ಟ ಹಾಗಾಗಲೇ ಇಲ್ಲ. ಇವತ್ತಿನಿಂದ ಎಣಿಸೋಣ. ಒಂದು ವಾರ. ನಡುವೆ ಮಗು ಸೋತರೆ ಆ ದಿನವೇ ಕರೆತನ್ನಿ, ನಾನು ಕಾಯುವುದಿಲ್ಲ." ಆಮೇಲೆ ದೇವಕ್ಕನತ್ತ ತಿರುಗಿ, "ಮೀನು, ಬೇಳೆ ಬಿಡಿಸಿ ಎಂದು ನಾನು ಯಾವಾಗ ಹೇಳಿದೆ?" ಎಂದರು.

ಹೊರಗಿನ ಬೆಂಚಿನ ಮೇಲೆ ಶೈಲಾವೈನಿ ಡಬ್ಬಿ ತೆರೆದಳು. ತಿನ್ನಲಿಲ್ಲ.

"ಎಣ್ಣೆ ಎಲ್ಲಿದು?"

"ನಮ್ಮ ಮನೆ ಕೊಬ್ಬರಿದು. ಗಾಣದ ಎದುರಿಗೇ ನಿಂತಿದ್ದೆ."

"ತಗಡು?"

"ಹೊಸದು."

"ಕೈ?"

"ಸೋಡಾ ಹಾಕಿ ತೊಳೆದೆ. ಮೂರು ಸಲ."

"ನಿಂಗೆ ಗೊತ್ತಿಲ್ಲದ್ದು ಏನಾದ್ರೂ ಅದೆಯಾ ಇದ್ರಲ್ಲಿ?"

ಯೋಚಿಸಿದೆ. "ಸಕ್ಕರೆ ಕಾರ್ಖಾನೆ ನಾನು ನೋಡ್ಲಿಲ್ಲ ವೈನಿ."

ಅವಳು ನನ್ನ ಮುಖವನ್ನೇ ನೋಡಿದಳು. ಒಂದು ಬಿಸ್ಕಿಟ್ ತೆಗೆದುಕೊಂಡಳು.

ದೇವಕ್ಕ ನನ್ನನ್ನು ಮೆಟ್ಟಿಲ ಹತ್ತಿರ ಎಳೆದಳು. "ನೀನು ಎಲ್ಲರ ಧ್ವನಿ ತೆಗೀತೆ ಅಲ್ಲ. ನನ್ನ ಧ್ವನಿಲಿ ಅದಕೆ ಒಂದ ಮಾತು ಹೇಳು. ತಪ್ಪಾಯ್ತು ಅಂತ."

"ಆ ಮಾತು ನಿನ್ನ ಬಾಯಲ್ಲಿ ಒಂದಿನಾನೂ ಕೇಳ್ಲಿಲ್ಲ ದೇವಕ್ಕ. ಕೇಳದೇ ಇದ್ದದ್ದನ್ನ ಹ್ಯಾಂಗೆ ಮಾಡೂದು?"

ಇನ್ನೊಂದು ದಿನವಾಗಿದ್ದರೆ ಬೆನ್ನಿಗೆ ಏಟು ಬೀಳುತ್ತಿತ್ತು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಬೆಂಚಿಗೆ ಹೋಗಿ, ಮಗುವನ್ನು ತನ್ನ ಮಡಿಲಿಗೆ ಎತ್ತಿಕೊಂಡಳು. "ತಿನ್ನು," ಎಂದಳು ಸೊಸೆಗೆ, "ಎರಡೂ ಕೈಲಿ ತಿನ್ನು."

ಆ ವಾರ ಪೇಟೆಗೆ ಬರುವ ದೇವಕ್ಕನ ಮುಖವನ್ನು ಓದುವುದೇ ನನ್ನ ಕೆಲಸವಾಯಿತು. ಮಂಗಳವಾರ ರಕ್ತ. ಬುಧವಾರ ರಕ್ತ. ಗುರುವಾರ ಹಿಂದಿನ ದಿನಕ್ಕಿಂತ ಹೆಚ್ಚು. ಅಂದು ಮಧ್ಯಾಹ್ನ ಹಿಟ್ಟು ಕಲಸುತ್ತಾ ನಿಂತವನು, ಹೊಸ ಬಿಸ್ಕಿಟಿನ ಒಂದೊಂದು ಪದಾರ್ಥವನ್ನೂ ಮತ್ತೆ ಮತ್ತೆ ನೆನೆದು, ಯಾವುದರ ಮೇಲೂ ನಂಬಿಕೆ ಬಾರದೆ ಅತ್ತುಬಿಟ್ಟೆ. ಪಾಸ್ಕುಮಾಮ ಕಂಡೂ ಕಾಣದವನಂತೆ ಪಾವು ಎಣಿಸುತ್ತಿದ್ದ. ಶುಕ್ರವಾರ ಒಂದು ಎಳೆ ಮಾತ್ರ. ಶನಿವಾರ ಏನೂ ಇಲ್ಲ. ಭಾನುವಾರವೂ ಇಲ್ಲ. ಸೋಮವಾರ ಅಂಕೋಲೆಯ ತಕ್ಕಡಿಯಲ್ಲಿ ಮಗು ನಾಲ್ಕು ಕಿಲೋ ನಾಲ್ಕುನೂರು ತೂಗಿತು. ದೇವಕ್ಕ ಬುಟ್ಟಿಯನ್ನು ಮೆಟ್ಟಿಲ ಮೇಲೆ ಇಳಿಸಿ ಅದನ್ನು ಹೇಳಿದಳು, ಆಮೇಲೆ ಇಷ್ಟು ದಿನ ಬಾಕಿಯಿದ್ದ ಬೈಗುಳವನ್ನು ಒಟ್ಟಿಗೇ ಬೈದಳು. ನಾನು ನಿಂತು ಪೂರ್ತಿ ಕೇಳಿಸಿಕೊಂಡೆ.

ಅಂಗಡಿಯಲ್ಲಿ ನಿಂತವನ ಬಾಯಿಗೆ 'ಇಲ್ಲ' ಬಹಳ ಸಲೀಸು. ಗಿರಾಕಿಗೆ ಬೇಕಾಗಿರುವುದೂ ಅದೇ. ನಾನು ಈಗಲೂ ಅದೇ ಕೌಂಟರಿನಲ್ಲಿದ್ದೇನೆ; ಯಾರಾದರೂ ಇದರಲ್ಲಿ ಇಂಥದ್ದು ಇದೆಯೇ ಎಂದು ಕೇಳಿದರೆ, ಗೊತ್ತಿಲ್ಲ, ವಿಚಾರಿಸಿ ನಾಳೆ ಹೇಳುತ್ತೇನೆ ಎನ್ನುತ್ತೇನೆ. ಅರ್ಧ ಜನ ಎದುರಿನ ಅಂಗಡಿಗೆ ಹೋಗುತ್ತಾರೆ, ಪಾಸ್ಕುಮಾಮ ಹಲ್ಲು ಕಡಿಯುತ್ತಾನೆ. ಉಳಿದವರು ಮರುದಿನ ಬರುತ್ತಾರೆ. ಅವರಲ್ಲಿ ಹೆಚ್ಚಿನವರ ಸೊಂಟದ ಮೇಲೆ ಒಂದು ಮಗು ಇರುತ್ತದೆ.