ತಳಕ್ಕೊಂದು ತೂತು

ಹಳದೀಪುರದ ಓಣಿಗಳಲ್ಲಿ ದಾರಿ ತಪ್ಪಿ, ಎದುರು ಬಂದ ಮುದುಕಿಯನ್ನು ದೋಣಿ ಮಾಡುವ ಆಚಾರಿಯ ಮನೆ ಎಲ್ಲೆಂದು ಕೇಳಿದೆ.

“ಅವ ನನ್ನ ಮಗನೇ. ಎಂತಕ್ಕೆ ತಂಗಿ, ದೋಣಿ ಬೇಕಾ?”

“ಮನೆ ಬೇಕು,” ಎಂದು ವ್ಯಾನು ತೋರಿಸಿದೆ.

ಭಟ್ಕಳದಲ್ಲಿ ಅಗ್ಗಕ್ಕೆ ಸಿಕ್ಕ ಹಳೇ ಬ್ರೆಡ್ಡಿನ ವ್ಯಾನು ಅದು. ಅದರಲ್ಲೇ ಬೇಯಿಸಿಕೊಂಡು, ಅದರಲ್ಲೇ ಮಲಗಿ ಊರೂರು ತಿರುಗುವ ಹಂಚಿಕೆ ನನ್ನದು. ಮನೆಯ ಮರಗೆಲಸ ಮಾಡುವ ಆಚಾರಿಗಳ ಕೂಲಿ ನನಗೆ ನಿಲುಕಲಿಲ್ಲ. ಈ ದೋಣಿ ಆಚಾರಿ ಅರ್ಧ ಕೂಲಿಗೆ ಒಪ್ಪಿದ. ಉಳಿದರ್ಧಕ್ಕೆ ಅವನ ತಾಯಿಯನ್ನು ಧಾರೇಶ್ವರದ ದೇವಸ್ಥಾನಕ್ಕೆ ಕರೆದೊಯ್ಯಬೇಕು.

ಮಂಚ, ಕಪಾಟು, ಹೊಸ ಹಲಗೆಯ ನೆಲ ಎಲ್ಲ ಚೊಕ್ಕವಾಗಿ ಕೂತವು. ತೊಳೆಯಲೆಂದು ಒಂದು ಕೊಡ ನೀರು ಹೊಯ್ದರೆ ಒಂದು ಹನಿಯೂ ಹೊರಗೆ ಹೋಗಲಿಲ್ಲ. ದೋಣಿಗೆ ಮಾಡುವಂತೆ ಸಂದುಗಳಿಗೆಲ್ಲ ಹತ್ತಿ ತುರುಕಿ ಎಣ್ಣೆ ಬಳಿದಿದ್ದ.

“ಒಂದು ತೂತು ಹೊಡಿ ಮಾರಾಯ. ಈ ಕೆರೆಯಲ್ಲಿ ನಾನು ಮಲಗುವುದು ಹೇಗೆ?”

“ತಳಕ್ಕಾ? ನನ್ನ ಕೈಲಿ ಆಗೂದಿಲ್ಲ ಅಮ್ಮ. ಬೇರೆ ಎಂತ ಬೇಕಾದ್ರೂ ಹೇಳಿ.”

“ಇದು ನೀರಿಗೆ ಇಳಿಯುವುದಿಲ್ಲ ಆಚಾರಿ.”

“ಆದ್ರೂ ತಳವೇ ಅಲ್ಲಾ?”

ಕೊನೆಗೆ ಅವನ ಬೈರಿಗೆ ತೆಗೆದುಕೊಂಡು ನಾನೇ ಕೊರೆದೆ. ಅವನು ಆ ಕಡೆ ಮುಖ ಮಾಡಿ ಬೀಡಿ ಹಚ್ಚಿದ.

ಮರುದಿನ ಮುದುಕಿಯನ್ನು ಧಾರೇಶ್ವರಕ್ಕೆ ಕರೆದೊಯ್ದು ಋಣ ತೀರಿಸಿದೆ. ಹೋಗುವಾಗಲೂ ಬರುವಾಗಲೂ ಆಕೆ ಆ ತೂತಿನ ಮೇಲಿಟ್ಟ ಹಿಮ್ಮಡಿ ಎತ್ತಲಿಲ್ಲ. ಮಗ ಹೇಳಿ ಕಳಿಸಿದ್ದನಂತೆ.