ಗೋಡೆಯಾಚೆಯ ನುಗ್ಗೆ ನೆರಳು

ಮಧ್ಯಾಹ್ನ ಕೆಲಸದಿಂದ ಬಂದು ಹಿತ್ತಲ ಬಾಗಿಲು ತೆಗೆದವಳು ಹಾಗೇ ನಿಂತೆ. ಊಟಿಯಿಂದ ತಂದು ನೆಟ್ಟಿದ್ದ ಕೊಲಂಬೈನ್ ಹೂವಿನ ಗಿಡದ ಮೇಲೆ ನಾಗಮಂಗಲದ ಬಿಸಿಲು ನೆಟ್ಟಗೆ ಬಿದ್ದಿತ್ತು. ನಮ್ಮ ಹಿತ್ತಲಿಗೆ ಬಾಗಿದ್ದ ನುಗ್ಗೆ ಕೊಂಬೆಗಳನ್ನು ಪಕ್ಕದ ಮನೆಯ ಸಾಕಮ್ಮ ಕಡಿಸಿಬಿಟ್ಟಿದ್ದರು.

ತಂಪು ಸೀಮೆಯ ಆ ಗಿಡಕ್ಕೆ ತೆಳುನೆರಳು ಬೇಕೇ ಬೇಕು. ತಂದ ಮೂರು ಸಸಿಗಳಲ್ಲಿ ಉಳಿದದ್ದು ಅದೊಂದೇ. ಆಗಷ್ಟೇ ಮೊದಲ ಮೊಗ್ಗು ಬಿಟ್ಟಿತ್ತು.

"ಯಾಕ್ರೀ ಕಡಿಸಿದ್ರಿ?" ಎಂದು ಗೋಡೆಯ ಈಚೆಯಿಂದಲೇ ರೇಗಿದೆ.

"ಕಂಬ್ಳಿಹುಳ ಉದುರ್ತವೆ, ಕಡ್ಸಿ ಕಡ್ಸಿ ಅಂತ ಎಲ್ಡ್ ವರ್ಸದಿಂದ ಪ್ರಾಣ ತಿಂತಿದ್ದೋಳು ನೀನೇ ಅಲ್ವೇನವ್ವ?" ಎಂದರು.

ನಾನು ಗಿಡದತ್ತ ಕೈ ತೋರಿಸಿದೆ. ಬಾಡಿದ ಗಿಡವನ್ನು ಗೋಡೆಯ ಮೇಲಿಂದ ಇಣುಕಿ ನೋಡಿದ ಸಾಕಮ್ಮ ಒಳಗೆ ಹೋಗಿ ತಮ್ಮ ಹಳೇ ವಾಯಿಲ್ ಸೀರೆ ತಂದರು. ಒಂದು ತುದಿಯನ್ನು ನುಗ್ಗೆಯ ಮೋಟು ಕೊಂಬೆಗೆ ಕಟ್ಟಿ, ಇನ್ನೊಂದನ್ನು ನನ್ನತ್ತ ಎಸೆದು, "ನಿನ್ ಬಟ್ಟೆ ತಂತಿಗೆ ಬಿಗ್ದು ಕಟ್ಟು" ಎಂದರು.

ಮೊಗ್ಗು ಆ ಸೀರೆಯ ಕೆಳಗೇ ಅರಳಿತು. ನುಗ್ಗೆ ಮತ್ತೆ ಚಿಗುರಿ ಗೋಡೆ ದಾಟಿದೆ, ಕಂಬಳಿಹುಳಗಳೂ ಬಂದಿವೆ. ಬೆಳಿಗ್ಗೆ ಎದ್ದು ಗುಡಿಸುತ್ತೇನೆ, ಪೊರಕೆಯ ಸದ್ದು ಸಾಕಮ್ಮನಿಗೆ ಕೇಳಿಸದಂತೆ.